ಬಾಚಣಿಗೆ ಶಾಲೆಯ ದೊಡ್ಡ ಮೇಡಂ

ಮಾಳಿಗೆಯ ಮೇಲೆ ಅಂದಿನ ಕೆಲಸ ಅರ್ಧಕ್ಕೆ ಬಂದಿತ್ತು. ದೊಡ್ಡ ಮೇಡಂ ತಂತಿಯ ಬ್ರಷ್ಷಿನಿಂದ ಕಬ್ಬಿಣದ ಸರಳೊಂದನ್ನು ಬುಡದಿಂದ ತುದಿಯವರೆಗೆ ಉಜ್ಜಿ, ತುಕ್ಕಿನ ಪುಡಿಯನ್ನು ಹಳೆಯ ಬಟ್ಟೆಯಿಂದ ಒರೆಸಿ, ಬಕೆಟ್ಟಿನಲ್ಲಿ ನೀರಾಗಿ ಕಲಸಿದ ಸಿಮೆಂಟು ತಿಳಿಯನ್ನು ಬಳಿದು, ಮುಂದಿನ ಸರಳಿಗೆ ಕೈಹಾಕಿದರು. ತಿಳಿ ತಳ ಹಿಡಿಯದಂತೆ ಕೋಲಿನಿಂದ ತಿರುವುತ್ತ ಕೂತಿದ್ದವರು ಶಾಲೆಯ ಜವಾನರು, ಎಲ್ಲರ ಬಾಯಲ್ಲಿ ಗಂಟೆಯಣ್ಣ.

"ಅಮ್ಮಾವ್ರೇ, ಮುಂದಿನ ವಾರ ನಿವೃತ್ತಿ ಆಗೋರು ಇವತ್ತು ಕಬ್ಬಿಣ ಉಜ್ತಾ ಇದೀರಿ. ನೋಡಿದೋರು ಏನೋ ತಪ್ಪು ಮಾಡಿ ಶಿಕ್ಷೆ ಅನುಭವಿಸ್ತಿದಾರೆ ಅನ್ಕೋತಾರೆ."

"ಅನ್ಕೊಳ್ಳಲಿ ಬಿಡಿ ಅಣ್ಣ. ನಿಮ್ಮ ಬಾಯಿ ಆಡಿದಷ್ಟೇ ಕೈನೂ ಆಡಲಿ, ತಿಳಿ ಗಟ್ಟಿಯಾಗ್ತಿದೆ."

ನಮ್ಮ ಶಿಕ್ಷಣ ವಲಯದಲ್ಲಿ ಸೊಗಸಾಗಿ ಪಾಠ ಹೇಳಿದವರಿದ್ದಾರೆ, ಶಿಸ್ತಿನಿಂದ ಶಾಲೆ ನಡೆಸಿದವರಿದ್ದಾರೆ. ಅಂಥವರ ಸಾಲಿನಲ್ಲಿ ದೊಡ್ಡ ಮೇಡಂ ಅವರ ಹೆಸರು ಹಿಂದೆ ಬೀಳುವುದಿಲ್ಲ. ಆದರೆ ಹಣ ಸಾಲದೆ ಅರ್ಧಕ್ಕೆ ನಿಂತ ಕಟ್ಟಡವನ್ನು ಹೆತ್ತ ಮಗುವಿನಂತೆ ವರ್ಷವರ್ಷವೂ ಮೈತೊಳೆದು, ಒರೆಸಿ, ಒಂದಲ್ಲ ಒಂದು ದಿನ ಇದು ಬೆಳೆದೀತೆಂದು ಕಾದವರು ಅವರೊಬ್ಬರೇ. ಆ ದಿನ ಈಗ ಬಂದಿತ್ತು, ಬಂದದ್ದೂ ಅರ್ಧವೇ. ಮೇಲಂತಸ್ತಿಗೆ ಮಂಜೂರಾದ ಹಣ ನಾಲ್ಕು ಕೋಣೆಗಳಿಗೆ ಸಾಲುತ್ತಿರಲಿಲ್ಲ. ನಾಲ್ಕಕ್ಕೂ ಕಂಬ ನಿಲ್ಲಿಸಿ ಸೂರು ಹೊದಿಸಿ ಗೋಡೆಯನ್ನು ಮುಂದಕ್ಕೆ ಬಿಡಬೇಕೋ, ಎರಡನ್ನೇ ಬಾಗಿಲು ಕಿಟಕಿ ಸಮೇತ ಮುಗಿಸಬೇಕೋ? ಬೆಳಿಗ್ಗೆ ವಲಯದ ಅಧ್ಯಕ್ಷರು ಕೇಳಿ ಹೋಗಿದ್ದರು. "ನೀವು ಏನಂತೀರೋ ಅದಕ್ಕೇ ನನ್ನ ರುಜು, ಮೇಡಂ. ಸಂಜೆ ಒಳಗೆ ಹೇಳಿಬಿಡಿ."

ಅವರು ಈ ಶಾಲೆಗೆ ಬಂದಾಗ ಶಾಲೆಯೆಂಬುದು ಹತ್ತಿ ತುಂಬುತ್ತಿದ್ದ ಹಳೆಯ ಗೋದಾಮು. ಉದ್ದಕ್ಕೂ ಒಂದೇ ಹಜಾರ. ತರಗತಿಗೂ ತರಗತಿಗೂ ನಡುವೆ ಒಂದು ಪರದೆ. ಪರದೆ ಕಣ್ಣನ್ನು ತಡೆಯುತ್ತಿತ್ತು, ಕಿವಿಯನ್ನು ತಡೆಯುತ್ತಿರಲಿಲ್ಲ. ನಾಲ್ಕನೆಯ ತರಗತಿಯವರಿಗೆ ಐದನೆಯ ತರಗತಿಯ ಪದ್ಯಗಳೆಲ್ಲ ಬಾಯಿಪಾಠ. ಅವರದೇ ಪದ್ಯ ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು. ಒಬ್ಬ ಹುಡುಗ ತಪ್ಪು ಉತ್ತರ ಕೊಟ್ಟರೆ ನಗು ಪರದೆಯಿಂದ ಪರದೆಗೆ ಹರಿದು ಶಾಲೆಯ ಆ ತುದಿ ಮುಟ್ಟಿ ಹಿಂದಿರುಗುತ್ತಿತ್ತು.

ಆ ಗೋದಾಮಿನಲ್ಲಿ ಮಾತು ತೊದಲುವ ಹುಡುಗಿಯೊಬ್ಬಳಿದ್ದಳು. ಮೌಖಿಕ ಪರೀಕ್ಷೆಯೆಂದರೆ ಅವಳಿಗೆ ಜ್ವರ ಬರುತ್ತಿತ್ತು, ಸುಳ್ಳು ಜ್ವರವಲ್ಲ, ಮೈ ಸುಡುವ ಜ್ವರ. ಆಗಿನ್ನೂ ಹೊಸಬರಾಗಿದ್ದ ಮೇಡಂ ಅವಳನ್ನು ಕರೆದು, "ಬಾ ಮರಿ, ಹೊರಗೆ ಗಾಳಿಗೆ ಒಂದು ಸುತ್ತು ಹೋಗಿಬರೋಣ" ಎಂದರು. ಗೋದಾಮಿನ ಸುತ್ತ ಇಬ್ಬರೂ ನಡೆದರು. ಅವಳ ಬಾಯನ್ನು ನೋಡದೆ, ದಾರಿಯ ಕಲ್ಲುಮುಳ್ಳು ನೋಡುತ್ತ, ಅವಸರಪಡಿಸದೆ ಮೇಡಂ ಕೇಳಿಸಿಕೊಂಡರು. ಒಂದು ಪದ್ಯ ಮುಗಿಯಲು ಎಷ್ಟೋ ಸುತ್ತು ಬೇಕಾಯಿತು. ಮುಗಿದಾಗ ಹುಡುಗಿ ತಾನಾಗಿಯೇ, "ಒ-ಒಳಗೆ ಒಂದು ಬಾಗಿಲಿದ್ದಿದ್ರೆ ನಾನು ಅಲ್ಲೇ ಹೇಳ್ತಿದ್ದೆ ಮೇಡಂ" ಎಂದಳು.

ಮುಂದೆ ದೊಡ್ಡ ಮೇಡಂ ಆಗಿ ಹೊಸ ಕಟ್ಟಡಕ್ಕಾಗಿ ಅವರು ಕಚೇರಿಯ ಬೆಂಚು ಸವೆಸಿದ್ದಕ್ಕೆ ಆ ಮಾತೇ ಮೂಲವೆಂದು ಅವರನ್ನು ಬಲ್ಲವರು ಹೇಳುತ್ತಾರೆ. ಕಡೆಗೆ ಎರಡಂತಸ್ತಿನ ಕಟ್ಟಡ ಮಂಜೂರಾಯಿತು. ವಲಯವು ಒಟ್ಟಿಗೇ ಮೂರು ಶಾಲೆಗಳ ಕೆಲಸಕ್ಕೆ ಕೈಹಾಕಿತ್ತು. ಎರಡನೆಯ ಕಂತು ಬರುತ್ತದೆಂಬ ಭರವಸೆಯಲ್ಲಿ ಮೊದಲನೆಯದನ್ನು ಮೂರಕ್ಕೂ ಹಂಚಿತ್ತು. ಎರಡನೆಯದು ಬರಲಿಲ್ಲ. ಸಿಮೆಂಟು, ಕಬ್ಬಿಣದ ಬೆಲೆ ಮಾತ್ರ ಹೇಳದೆ ಕೇಳದೆ ಏರಿತು. ಇದ್ದಷ್ಟರಲ್ಲಿ ಒಂದಂತಸ್ತು ಮುಗಿಸಿಕೊಳ್ಳಿ ಎಂದು ಆದೇಶವಾಯಿತು.

ಉಳಿದೆರಡು ಶಾಲೆಗಳು ಪಾಯ ತೆಳುವಾಗಿಸಿ, ಮುಂಭಾಗಕ್ಕೆ ಕಮಾನು ಇಟ್ಟು, ಬಣ್ಣ ಹೊಡೆದು ಉದ್ಘಾಟನೆ ಮಾಡಿಸಿಕೊಂಡವು. ಮೇಡಂ ಒಪ್ಪಲಿಲ್ಲ. ಎರಡಂತಸ್ತು ಹೊರುವ ಪಾಯವನ್ನೇ ಹಾಕಿಸಿದರು, ಕಂಬಗಳನ್ನು ದಪ್ಪವಾಗಿಯೇ ಎಬ್ಬಿಸಿದರು. ಹಣ ನೆಲದೊಳಗೇ ಮುಗಿಯುತ್ತ ಬಂತು. ಕೆಳಗಿನ ಕೋಣೆಗಳಿಗೆ ಬಾಗಿಲುಗಳೇನೋ ಬಂದವು, ಗೋಡೆಗೆ ಗಾರೆ ಬರಲಿಲ್ಲ. ತಾರಸಿಯ ಮೇಲೆ ಕಂಬಗಳ ಸರಳುಗಳು ಆಕಾಶಕ್ಕೆ ಚಾಚಿ ನಿಂತವು, ಮುಂದಿನ ಅಂತಸ್ತಿಗೆ ಕೊಂಡಿಯಾಗಲೆಂದು. ದೂರದಿಂದ ನೋಡಿದವರಿಗೆ ಅದು ಹಲ್ಲು ಮೇಲಾಗಿ ಇಟ್ಟ ಬಾಚಣಿಗೆ. ಹೆಸರು ಅಂದೇ ಅಂಟಿತು.

"ಮಕ್ಕಳ ದುಡ್ಡನ್ನ ಮಣ್ಣಲ್ಲಿ ಹೂತಿಟ್ರಲ್ಲ ಮೇಡಂ, ಮಳೆ ಬಂದ್ರೆ ಮೊಳಕೆ ಒಡೆಯತ್ತಾ?" ಎಂದು ಪೋಷಕರ ಸಭೆಯಲ್ಲಿ ಒಬ್ಬರು ಚುಚ್ಚಿದರು. ಮನೆಯಲ್ಲಿ ಅತ್ತೆಯವರ ನಾಲಗೆ ಅದಕ್ಕಿಂತ ಚೂಪು. "ನಮ್ಮನೆ ಅಡುಗೆಕೋಣೆ ಸೋರ್ತಿದೆ, ನನ್ನ ಸೊಸೆ ಊರೋರ ಮೊಮ್ಮಕ್ಕಳಿಗೆ ಪಾಯ ಹಾಕ್ಸಿ ಬಂದಳು," ಎನ್ನುತ್ತ, ಸೋರುವ ಜಾಗಕ್ಕೆ ಪಾತ್ರೆಯನ್ನು ತಾವೇ ಸರಿಸಿಡುತ್ತಿದ್ದರು. ಪತಿ ರೈಲ್ವೆ ಗುಮಾಸ್ತರು, ಹೆಚ್ಚು ಮಾತಿಲ್ಲ. ಒಮ್ಮೆ ಮಾತ್ರ, "ಅಮ್ಮಾ, ಅವಳು ಹಾಕಿದ ಪಾಯದ ಮೇಲೆ ಮನೆ ನಿಂತಿದೆಯಲ್ಲ, ಶಾಲೆನೂ ನಿಲ್ಲತ್ತೆ ಬಿಡು," ಅಂದಿದ್ದರು. ಆ ಮಾತನ್ನು ಮೇಡಂ ಯಾವ ಸನ್ಮಾನಪತ್ರಕ್ಕಿಂತಲೂ ಮೇಲಾಗಿ ಇಟ್ಟುಕೊಂಡಿದ್ದರು.

ಸರಳು ತುಕ್ಕು ತಿಂದರೆ ಪಾಯವಿದ್ದೂ ಪ್ರಯೋಜನವಿಲ್ಲ. ಹಾಗಾಗಿ ದೊಡ್ಡ ರಜೆಯ ಮೊದಲ ದಿನ ತಂತಿಯ ಬ್ರಷ್ಷು, ಬಕೆಟ್ಟು, ಮಾಳಿಗೆ ಎಂಬುದು ಅವರಿಗೆ ವ್ರತವೇ ಆಯಿತು. ಪತಿ ತೀರಿಕೊಂಡ ವರ್ಷ ಮಾತ್ರ ಅವರು ಹತ್ತಲಿಲ್ಲ. ಗಂಟೆಯಣ್ಣ ಯಾರಿಗೂ ಹೇಳದೆ ತಾವೇ ಹತ್ತಿದರು. ಸಿಮೆಂಟಿನ ಡಬ್ಬವೆಂದುಕೊಂಡು ಗೋಡೆಗೆ ತಂದಿದ್ದ ಸುಣ್ಣವನ್ನು ಕಲಸಿ, ಅಷ್ಟೂ ಸರಳಿಗೆ ಶ್ರದ್ಧೆಯಿಂದ ಬಳಿದು ಇಳಿದರು. ರಜೆ ಮುಗಿಸಿ ಬಂದ ಮೇಡಂ ಗೇಟಿನಲ್ಲೇ ನಿಂತು ತಲೆಯೆತ್ತಿ ನೋಡಿದರು. ಬಾಚಣಿಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಅಣ್ಣ, ಏನಿದು? ಕೂದಲು ನರೆಯೋದು ಕೇಳಿದೀನಿ, ಬಾಚಣಿಗೆ ನರೆತದ್ದು ಇವತ್ತೇ ನೋಡಿದ್ದು."

"ನೀವಿಲ್ದೆ ಅದಕ್ಕೂ ವಯಸ್ಸಾಯ್ತು ಅಮ್ಮಾವ್ರೇ."

ಆ ವರ್ಷದಲ್ಲಿ ಮೇಡಂ ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಕಣ್ಣೊರೆಸಿಕೊಂಡು, ಅದೇ ವಾರ ಸುಣ್ಣವನ್ನೆಲ್ಲ ಕೆರೆದು ತಿಳಿ ಬಳಿದರು.

ಹೀಗೆ ಕಾಪಾಡಿದ ಸರಳುಗಳನ್ನು ಪರೀಕ್ಷಿಸಲು ಈ ಸಲ ಇಂಜಿನಿಯರು ಬಂದರು. ಸುತ್ತಿಗೆಯಿಂದ ತಟ್ಟಿ, ಕೆರೆದು, ಅಳತೆ ಮಾಡಿ, "ಗಟ್ಟಿಯಾಗಿವೆ. ಯಾರು ನೋಡ್ಕೋತಿದ್ರು?" ಎಂದರು. ಗಂಟೆಯಣ್ಣ ಎದೆಯುಬ್ಬಿಸಿ ಮುಂದೆ ಬಂದರು, ಮೇಡಂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮೇಲಂತಸ್ತು ಹೊರಬಲ್ಲ ಕಟ್ಟಡ ಮೂರರಲ್ಲಿ ಇದೊಂದೇ ಎಂದು ವಲಯ ಬರೆದುಕೊಂಡಿತು. ಹಣ ಬಂತು, ಅದೇ ಹಳೆಯ ರೋಗದೊಂದಿಗೆ.

ಆ ಬೆಳಿಗ್ಗೆ ಅಧ್ಯಕ್ಷರ ಮುಂದೆ ಇನ್ನೊಬ್ಬರೂ ಕುಳಿತಿದ್ದರು: ಮುಂದಿನ ವಾರ ಈ ಕುರ್ಚಿಗೆ ಬರಲಿರುವ ಕಿರಿಯ ಮೇಡಂ, ಗೋದಾಮಿನ ಸುತ್ತ ನಡೆದು ಪದ್ಯ ಒಪ್ಪಿಸಿದ್ದ ಅದೇ ಹುಡುಗಿ. ಅಭಿಪ್ರಾಯ ಕೇಳಿದಾಗ ಅವರು ಮೇಜಿನ ಅಂಚು ಹಿಡಿದುಕೊಂಡು, "ನ-ನನ್ನ ಕೇಳಿದ್ರೆ ಎರಡೇ ಸಾಕು ಸರ್. ಆದ್ರೆ ಬಾಗಿಲು ಇರೋ ಎರಡು," ಎಂದರು. ಆಮೇಲೆ ಹಿರಿಯರ ಕಡೆ ತಿರುಗಿ, "ಮೇಡಂ ನಾಲ್ಕು ಅಂದ್ರೆ ನಾಲ್ಕೇ," ಎಂದು ಸೇರಿಸಿದರು.

ಮೇಡಂ ಬಾಯಲ್ಲಿ ನಾಲ್ಕೇ ಇತ್ತು. ಸೂರು ಬಿದ್ದರೆ ಗೋಡೆ ಹೇಗೋ ಬರುತ್ತದೆ, ಮೊದಲು ನಾಳೆಗೆ ಜಾಗ ಮಾಡಬೇಕು: ಜೀವಮಾನವೆಲ್ಲ ಅವರು ನಡೆದದ್ದು ಆ ಲೆಕ್ಕದಲ್ಲಿ. ಅದರ ಕೆಳಗೆ ಇನ್ನೊಂದು ಆಸೆಯೂ ಇತ್ತು, ಯಾರೊಡನೆಯೂ ಆಡದ್ದು. ತಾನು ಗೇಟು ದಾಟಿದ ಮೇಲೆ ಒಮ್ಮೆಯಾದರೂ ತಿರುಗಿ ನೋಡಿದಾಗ ಕಟ್ಟಡದ ತಲೆಯ ಮೇಲೆ ಒಂದು ಸರಳೂ ಇರಬಾರದು, ಬಾಚಣಿಗೆ ಎಂದು ಯಾರೂ ಅನ್ನಬಾರದು. ನಾಲ್ಕು ಎಂದರೆ ಅದು ಈಡೇರುತ್ತಿತ್ತು. ಎರಡು ಎಂದರೆ ಪೂರ್ವದ ಸರಳುಗಳಷ್ಟೇ ಕಂಬದೊಳಗೆ ಸೇರುತ್ತಿದ್ದವು, ಪಶ್ಚಿಮದ ಅರ್ಧ ಇನ್ನೆಷ್ಟು ವರ್ಷ ಬಯಲಲ್ಲಿ ಕಾಯಬೇಕೋ.

ದೊಡ್ಡ ಮೇಡಂ ಅವರು ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ. ಅವರ ಮೊಣಕಾಲಿಗೆ ಮಾಳಿಗೆಯ ಮೆಟ್ಟಿಲು ಹತ್ತುವ ಬಲವಿರಲಿ, ಕೈಗೆ ಕೆಲಸವಿರಲಿ, ಮಾತಿಗೆ ಎದುರಾಡಲು ಗಂಟೆಯಣ್ಣನವರಿರಲಿ. ತಂತಿಯ ಬ್ರಷ್ಷು ಮೆಟ್ಟಿಲ ಕೆಳಗಿನ ಗೂಡಿನಲ್ಲೇ ಇರುತ್ತದೆಂದು ಈ ಅಭಿನಂದನಾ ಸಂಪುಟದ ಮೂಲಕ ಶಾಲೆಯ ಪರವಾಗಿ ತಿಳಿಸುವುದು ನಮ್ಮ ಸಂತೋಷ.

ಅಂದು ಮಧ್ಯಾಹ್ನ ಪಶ್ಚಿಮದ ಸಾಲಿನ ಕೊನೆಯ ಸರಳಿಗೆ ತಿಳಿ ಬಳಿದು ಮೇಡಂ ನೆಟ್ಟಗಾದರು. ಕೆಳಗಿನ ಕೋಣೆಯಲ್ಲಿ ಕಿರಿಯ ಮೇಡಂ ಬೀರು ಜೋಡಿಸುತ್ತಿದ್ದ ಸದ್ದು. ನಡುವೆ ಬಾಗಿಲು ಮುಚ್ಚಿಕೊಂಡಿತು, ಸದ್ದು ನಿಂತಿತು. ಮುಚ್ಚಿದ ಬಾಗಿಲಿನ ಆ ಮೌನವನ್ನು ಮೇಡಂ ಸ್ವಲ್ಪ ಹೊತ್ತು ಕೇಳುತ್ತ ನಿಂತರು. ಆಮೇಲೆ ಬಕೆಟ್ಟಿನಲ್ಲಿ ಉಳಿದ ತಿಳಿಯನ್ನು ನೋಡಿ, ಪಶ್ಚಿಮದ ಮೊದಲ ಸರಳಿಗೆ ಹಿಂದಿರುಗಿ, ಒಣಗಿದ ಲೇಪದ ಮೇಲೆ ಇನ್ನೊಂದು ಲೇಪ ಬಳಿಯತೊಡಗಿದರು.

ಅದೂ ಮುಗಿದಾಗ ಗಂಟೆಯಣ್ಣ ಎದ್ದು ಬಕೆಟ್ಟನ್ನು ಪೂರ್ವದ ಕಡೆಗೆ ಹೊತ್ತರು.

"ಇರಲಿ ಅಣ್ಣ. ಇಷ್ಟು ಸಾಕು."

"ಆ ಕಡೆ ಬೇಡ್ವಾ? ಅರ್ಧ ಬಾಚಣಿಗೆ ಬಿಟ್ಟುಹೋದ್ರೆ ಜನ ಏನಂತಾರೆ ಅಮ್ಮಾವ್ರೇ?"

"ಹಲ್ಲು ಉದುರಿದೆ ಅಂತಾರೆ. ವಯಸ್ಸಾಯ್ತಲ್ಲ."

ಅವರು ಬ್ರಷ್ಷನ್ನು ತೊಳೆದು, ನೀರು ಝಾಡಿಸಿ, ಅಧ್ಯಕ್ಷರಿಗೆ ಏನು ಹೇಳಬೇಕೆಂಬುದನ್ನು ಗಂಟೆಯಣ್ಣನಿಗೂ ಹೇಳದೆ, ಮೆಟ್ಟಿಲಿಳಿದರು.