ಸೆನ್ಸೇ ಒರೆಸಿದ ನೀಲಿ ಬಿಲ್ಲೆಗಳು

ಜಪಾನಿನ ತ್ಸುಕುಬಾದ ನಮ್ಮ ಲ್ಯಾಬಿನಲ್ಲಿ ಆ ಚಳಿಗಾಲ ಮಾಡಹೊರಟಿದ್ದು ಹಳೆಯ ಈಜಿಪ್ಟಿನ ಬಿಲ್ಲೆಗಳನ್ನು. ಫಯಾನ್ಸ್ ಅನ್ನುತ್ತಾರೆ. ರಾಜನ ಸಮಾಧಿಯೊಳಗೆ ಗೋಡೆಗೆ ಜೊಂಡಿನ ಚಾಪೆ ಹೊದಿಸಿದಂತೆ ಕಾಣಲೆಂದು ಸಾಲಾಗಿ ಕೂರಿಸುತ್ತಿದ್ದ, ಅಂಗೈಗಿಂತ ಚಿಕ್ಕ ನೀಲಿ ಬಿಲ್ಲೆಗಳು. ಸೆನ್ಸೇ, ಅಂದರೆ ನನ್ನ ಪ್ರೊಫೆಸರು, ಜೀವಮಾನವೆಲ್ಲ ಅವುಗಳ ಮಾಸಿದ ಚೂರುಗಳನ್ನೇ ನೋಡಿದವರು. ಆಗಷ್ಟೇ ಬೆಂದು ಹೊರಬಂದ ಬಿಲ್ಲೆಯ ನೀಲಿ ಹೇಗಿದ್ದೀತೆಂದು ಒಮ್ಮೆ ನೋಡಬೇಕು, ಅಷ್ಟೇ ಅವರ ಆಸೆ. ಕಣ್ಣು ಮಂಜಾಗುತ್ತಿತ್ತು, ಡಾಕ್ಟರು ಕೈಚೆಲ್ಲಿದ್ದರು.

ಬೆಣಚುಕಲ್ಲಿನ ಪುಡಿ, ಸೋಡಾ ಉಪ್ಪು, ಚಿಟಿಕೆ ತಾಮ್ರ ಕಲಸಿ ತಟ್ಟಿ ಒಣಗಲು ಬಿಟ್ಟರೆ ಉಪ್ಪು ತಾನಾಗಿ ಮೈಮೇಲೆ ಬರುತ್ತದೆ, ಬೂದುಗುಂಬಳದ ಮೇಲಿನ ಬೂದಿಯ ಹಾಗೆ. ಸುಟ್ಟಾಗ ಅದೇ ಕರಗಿ ನೀಲಿ ಗಾಜಾಗುವುದು. ಸುಡುವ ಮುಂಚೆ ಮುಟ್ಟಿದರೆ ಮುಗಿಯಿತು, ಉಪ್ಪು ಹೋಗಿ ನೀಲಿಯೇ ಬರುವುದಿಲ್ಲ. ಇದನ್ನು ಕಲಿಸಿದವರೇ ಸೆನ್ಸೇ. ಕುಂಬಳದ ಬೂದಿ ಒರೆಸಬೇಡ್ವೋ, ಕೊಳೆಯುತ್ತೆ ಅಂತ ನಮ್ಮಜ್ಜಿ ಬೈಯುತ್ತಿದ್ದುದನ್ನು ಹೇಳಿದಾಗ, ಹಾಗಾದರೆ ಅಜ್ಜಿಯನ್ನೇ ಕೆಲಸಕ್ಕೆ ತೆಗೆದುಕೊಳ್ಳಬೇಕಿತ್ತು ಎಂದು ನಕ್ಕಿದ್ದರು.

ಜಪಾನಿನಲ್ಲಿ ವರ್ಷದ ಕೊನೆಗೆ ಎಲ್ಲೆಲ್ಲೂ ದೊಡ್ಡ ಸ್ವಚ್ಛತೆ. ಪ್ರೊಫೆಸರು, ವಿದ್ಯಾರ್ಥಿ ಅಂತಿಲ್ಲ, ಎಲ್ಲರ ಕೈಯಲ್ಲೂ ಬಟ್ಟೆ. ನಾನು ಕಿಟಕಿ ಒರೆಸಿ ಬರುವಷ್ಟರಲ್ಲಿ ಸೆನ್ಸೇ ಒಣಗಿಸುವ ಕಪಾಟಿನ ಮುಂದೆ ನಿಂತು, ಒಂದೊಂದೇ ಬಿಲ್ಲೆ ಎತ್ತಿ, ಮಗುವಿನ ಮೂಗು ಒರೆಸುವಷ್ಟು ಮೆತ್ತಗೆ ಒರೆಸಿ ಜೋಡಿಸುತ್ತಿದ್ದರು.

"ತುಂಬಾ ಧೂಳು ಕೂತಿತ್ತು," ಅಂದರು.

ಸದಾ ವಟಗುಟ್ಟುವ ನಾನು ಸುಮ್ಮನೆ ನಿಂತಿದ್ದರಿಂದಲೇ ಒರೆಸಿದ್ದು ಏನನ್ನೆಂದು ಅವರಿಗೆ ತಿಳಿಯಿತು. ಬಟ್ಟೆ ಮಡಚಿಟ್ಟರು. ಸೊಂಟ ಬಾಗಿಸಿ "ಸುಮಿಮಾಸೆನ್", ಕ್ಷಮಿಸಿ, ಅಂದರು, ನನಗಲ್ಲ, ಬಿಲ್ಲೆಗಳಿಗೆ.

ಮತ್ತೆ ಮಾಡೋಣ ಎಂದೆ.

"ಮಾಡಿ. ಬಣ್ಣ ಮಾತ್ರ ನೀವೇ ಬಾಯಲ್ಲಿ ಹೇಳಬೇಕಾಗುತ್ತೆ."

ಉಪ್ಪು ಯಾವುದು, ಧೂಳು ಯಾವುದು ಅಂತ ಕಾಣದಷ್ಟು ಅವರ ಕಣ್ಣು ಕತ್ತಲಾಗಿದೆಯೆಂದು ನನಗೆ ಗೊತ್ತಾದದ್ದು ಆಗಲೇ.

ವಸಂತದಲ್ಲಿ ಬಿಲ್ಲೆ ನೀಲಿಯಾಗಿಯೇ ಬೆಂದು ಬಂತು. ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಸವರಿ, "ನುಣುಪಾಗಿದೆ. ಹೇಳಿ," ಅಂದರು.

ಮಾತಿಗೆ ನಾನೆಂದೂ ಬಡವನಲ್ಲ. ಹಿರಿಯರ ಕಥೆ, ಗಾದೆ ಕೇಳುತ್ತಲೇ ಬೆಳೆದವನು. ನವಿಲಿನ ಕತ್ತು ಅಂದೆ. ಹುಣಸೆಹಣ್ಣು ಕಾಣದೆ ಮೂಲೆಯಲ್ಲಿ ಬಿದ್ದ ತಾಮ್ರದ ಚೊಂಬಿನ ಕಿಲುಬು ಅಂದೆ. ಆಳದ ಬಾವಿಯಲ್ಲಿ ಮಧ್ಯಾಹ್ನ ಕಾಣುವ ಆಕಾಶ ಅಂದೆ. ಯಾವುದೂ ಅದಲ್ಲ. ಒಂದೊಂದಕ್ಕೂ ಸೆನ್ಸೇ ಹೌದೆಂಬಂತೆ ತಲೆಯಾಡಿಸಿದರು. ಅರ್ಥವಾಗದಿದ್ದಾಗ ಇಲ್ಲಿಯವರು ಎದುರಿನವರ ಮರ್ಯಾದೆಗೆ ತಲೆಯಾಡಿಸುತ್ತಾರಲ್ಲ, ಹಾಗೆ.