ಪಾಳಿಯಲ್ಲಿ ನಿಂತ ಗಡಿಯಾರ

ತೊಂಬತ್ತರ ದಶಕದ ಕೊನೆಯಲ್ಲಿ ಸಿಂಧನೂರಿನ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಸುತ್ತಲಿನ ಹಳ್ಳಿಗಳ ಪಹಣಿಗಳನ್ನು ಟೈಪ್ ಮಾಡುತ್ತಿದ್ದರು. ಯಂತ್ರ ಕೆಟ್ಟರೆ ರಿಪೇರಿಗೆ ನಾನು ಲಿಂಗಸುಗೂರಿನಿಂದ ಮಸ್ಕಿ ದಾಟಿ ಬಸ್ಸಿನಲ್ಲಿ ಹೋಗಬೇಕಿತ್ತು. ಆ ಸಲ ಕೆಟ್ಟಿದ್ದು, ಯಂತ್ರ ಏನು ಮಾಡುತ್ತಿದೆ ಎಂದು ತೋರಿಸುವ ಪ್ರೋಗ್ರಾಂ. ಕೆಲಸ ಹೆಚ್ಚಾದಾಗಲೇ ಅದು ಮರಗಟ್ಟಿಬಿಡುತ್ತಿತ್ತು. ಹಿಂದಿನ ವಾರ ಹಾಗಾದಾಗ ಮಾಲೀಕರು ಯಂತ್ರವೇ ನಿಂತಿತೆಂದು ಸ್ವಿಚ್ ಆರಿಸಿದ್ದರು. ಗೊರೇಬಾಳದ ಪಹಣಿಗಳೆಲ್ಲ ಹಾಳಾಗಿ, ಟೈಪ್ ಮಾಡುವ ಹೆಣ್ಣುಮಗಳು ಎಲ್ಲವನ್ನೂ ಮೊದಲಿನಿಂದ ಟೈಪ್ ಮಾಡಿದ್ದಳು.

ನಾನು ಹೋದಾಗ ಅವೇ ಪಹಣಿಗಳನ್ನು ಸರ್ವೆ ನಂಬರಿನ ಕ್ರಮಕ್ಕೆ ಜೋಡಿಸುವ ಕೆಲಸ ನಡೆದಿತ್ತು. ಡಿಸ್ಕು ಕಾಳು ಹುರಿದಂತೆ ಸದ್ದು ಮಾಡುತ್ತಿತ್ತು. ನನ್ನ ಕಣ್ಣೆದುರೇ, ಆ ಪ್ರೋಗ್ರಾಂ ಪರದೆಯ ಮೂಲೆಯಲ್ಲಿ ತೋರಿಸುತ್ತಿದ್ದ ಗಡಿಯಾರ ನಿಂತಿತು.

"ನಿಂತದ್ರೀ," ಎಂದಳು ಆಕೆ.

ಮಾಲೀಕರು ಎದ್ದರು. "ಹಂಗಾರ ಆರ್ಸು ತಂಗಿ. ಅದಕ್ಕೇನು ಪೂಜಿ ಮಾಡ್ಬೇಕೇನು?"

ಆಕೆ ಸ್ವಿಚ್ಚಿಗೆ ಅಂಗೈ ಅಡ್ಡ ಹಿಡಿದಳು. "ಮುಟ್‌ಬ್ಯಾಡ್ರೀ ಸಾವ್ಕಾರ್ರ. ಒಳಗ ಸಪ್ಪಳ ಮಾಡಾಕತ್ತದ, ಕೇಳ್ರಿ."

"ಈಗ ನೀನ ನಿಂತದ ಅಂದ್ಯಲ್ಲ!"

"ನಿಂತದ ಅಂದೆ, ಸತ್ತದ ಅಂದೆನೇನ್ರೀ? ಬಸ್ ನಿಂತ್ರ ಡ್ರೈವರನ್ನ ಮಣ್ಣು ಮಾಡ್ತೀರೇನು?"

ಇಬ್ಬರೂ ನನ್ನ ಕಡೆ ನೋಡಿದರು. ನನಗೂ ಖಾತ್ರಿ ಇರಲಿಲ್ಲ. ಕಾಯೋಣ ಎಂದೆ. ಮಾಲೀಕರು ಕೂರಲಿಲ್ಲ. ಆಕೆ ಕೈ ತೆಗೆಯಲಿಲ್ಲ. ನಾನು ಡಿಸ್ಕಿನ ಕೆಂಪು ದೀಪವನ್ನೇ ನೋಡುತ್ತಿದ್ದೆ.

ಕೊನೆಗೆ ಸದ್ದು ಇಳಿಯಿತು. ಗಡಿಯಾರ ಒಮ್ಮೆಲೇ ಮುಂದಕ್ಕೆ ಹಾರಿ, ಮತ್ತೆ ನಡೆಯತೊಡಗಿತು. ಅಂದರೆ ಪ್ರೋಗ್ರಾಂ ಯಾವುದಕ್ಕೋ ಕಾಯುತ್ತಿತ್ತು. ಅದರ ಸೆಟ್ಟಿಂಗ್ ತೆರೆದೆ. ಪರದೆಯ ಅಂಕಿ ಬದಲಾದಾಗಲೆಲ್ಲ ಅದರ ಒಂದು ಪ್ರತಿಯನ್ನು ಅದೇ ಡಿಸ್ಕಿಗೆ ಬರೆದಿಡುವಂತೆ ಅದರಲ್ಲಿ ಹೇಳಲಾಗಿತ್ತು. ಡಿಸ್ಕಿಗೆ ಬಿಡುವಿಲ್ಲದಾಗ ಆ ಬರಹವೂ ಸರದಿಯಲ್ಲಿ ಉಳಿಯುತ್ತಿತ್ತು. ಅದು ಮುಗಿಯುವ ತನಕ ಗಡಿಯಾರ ಕದಲುತ್ತಿರಲಿಲ್ಲ.

"ಕೆಟ್ಟು ನಿಂತಿಲ್ರೀ," ಎಂದೆ. "ಪಾಳ್ಯಾಗ ನಿಂತದ."

"ನಿಂತಿಲ್ಲ, ನಿಂತದ! ಏನ್ರೀ ನಿಮ್ಮ ಭಾಷಾ," ಎಂದರು ಮಾಲೀಕರು.

ಪ್ರತಿ ಬರೆಯುವುದನ್ನು ನಿಲ್ಲಿಸಿದೆ. ಅದು ಸರಿಹೋಯಿತೋ ಇಲ್ಲವೋ ತಿಳಿಯಲು ಡಿಸ್ಕಿನ ಮೇಲೆ ಮತ್ತೆ ಅಷ್ಟೇ ಹೊರೆ ಹೇರಬೇಕಿತ್ತು.

"ಮೊದ್ಲು ನನ್ನ ಗೊರೇಬಾಳ ಟೇಪಿಗೆ ಇಳಸ್ರಿ," ಎಂದಳು.

ಪಹಣಿಗಳ ಒಂದು ನಕಲನ್ನು ಟೇಪಿಗೆ ಇಳಿಸಿದೆ. ಟೇಪಿನಿಂದ ಒಂದೆರಡು ಪಹಣಿ ತೆಗೆಸಿ ಓದಿ ನೋಡಿದ ಮೇಲೆಯೇ ಆಕೆ ತಲೆಯಾಡಿಸಿದ್ದು. ಜೋಡಣೆಯನ್ನು ಮತ್ತೊಮ್ಮೆ ಆರಂಭಿಸಿದೆ. ಡಿಸ್ಕು ಮತ್ತೆ ಕಾಳು ಹುರಿಯತೊಡಗಿತು. ಗಡಿಯಾರ ನಡೆಯುತ್ತಲೇ ಇತ್ತು. ಮಾಲೀಕರು ಕುರ್ಚಿಗೆ ಒರಗಿ ಚಹಾ ತರಿಸಿದರು.

ಆಕೆ ಎಡಗೈಯಲ್ಲಿ ಲೋಟ ಹಿಡಿದು ಕುಡಿದಳು. ಬಲಗೈ ಸ್ವಿಚ್ಚಿನ ಮುಂದೆಯೇ ಇತ್ತು.