ಮೂಗಿನಿಂದ ಇಳಿದ ಜೊಲ್ಲು

ಇದನ್ನು ಬರೆಯಬೇಕು ಅಂದುಕೊಂಡು ವರ್ಷಗಳೇ ಆದವು. ಮಂಡಿ ನೋವು, ಕನ್ನಡಕ ಸರಿಯಿಲ್ಲ ಅಂತ ಏನಾದರೊಂದು ನೆಪ ಹೇಳಿಕೊಂಡು ಬಂದೆ.

ಅಬ್ಬಿಗೆರೆಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕಳಿಸುವ ಯಜಮಾನರೊಬ್ಬರ ಲಾಯದಲ್ಲಿ ನಾವಿಬ್ಬರು ಕೆಲಸಕ್ಕಿದ್ದೆವು. ನಾನು, ಮತ್ತೆ ಆರ್.ಟಿ. ನಗರದಿಂದ ಬಸ್ಸಿನಲ್ಲಿ ಬರುತ್ತಿದ್ದ, ನನಗಿಂತ ಹಿರಿಯರಾದ ಒಬ್ಬರು. ನಾನು ಅವರನ್ನು ಭಾಯಿ ಅನ್ನುತ್ತಿದ್ದೆ. ಕುದುರೆ ಕೆಲಸ ಕಲಿಸಿದ್ದೇ ಅವರು.

"ಕಡಿವಾಣ ಕಚ್ಚಿದಾಗ ಬಾಯಲ್ಲಿ ಬಿಳಿ ನೊರೆ ಬಂದ್ರೆ ಒಳ್ಳೇದು ಕಣಪ್ಪಾ. ಅದೇ ಮೂಗಿಂದ ಜೊಲ್ಲು, ಜೊತೆಗೆ ಮೇವು ಬಂತಾ, ಗಂಟಲಲ್ಲಿ ಸಿಕ್ಕೊಂಡಿದೆ ಅಂತ ತಿಳ್ಕೊ. ತಕ್ಷಣ ಡಾಕ್ಟ್ರನ್ನ ಕರಿ, ನನ್ನ ಮುಖ ನೋಡ್ತಾ ನಿಂತ್ಕೋಬೇಡ."

ಒಂದು ದಿನ ಯಶವಂತಪುರದ ಛತ್ರದಲ್ಲಿ ಮಾರ್ವಾಡಿಗಳ ಮದುವೆ. ವರನ ಅಕ್ಕತಂಗಿಯರು ಕುದುರೆಗೆ ಕಡಲೆಬೇಳೆ ತಿನ್ನಿಸುವುದು ಅವರ ಪದ್ಧತಿ. ಭಾಯಿ ಬೆಳಿಗ್ಗೆಯೇ ಬೇಳೆ ನೆನೆಸಿ, ಬಕೆಟ್ ನನ್ನ ಕೈಗೆ ಕೊಟ್ಟು ಮನೆಗೆ ಹೋಗಿದ್ದರು. ಗೊರಗುಂಟೆಪಾಳ್ಯ ದಾಟುವಾಗ ಅದು ಲಾಯದಲ್ಲೇ ಉಳಿದಿದ್ದು ನೆನಪಾಯಿತು. ವಾಪಸ್ ಹೋದರೆ ಮುಹೂರ್ತ ತಪ್ಪುತ್ತದೆ ಅಂತ ಅಂಗಡಿಯಲ್ಲಿ ಒಣ ಬೇಳೆ ಕೊಂಡೆ.

ಹಸಿದಿದ್ದ ಕುದುರೆ ಗಬಗಬ ತಿಂದಿತು. ಸ್ವಲ್ಪ ಹೊತ್ತಿಗೆ ಕತ್ತು ಚಾಚಿ ಕೆಮ್ಮಿತು. ಎರಡೂ ಹೊಳ್ಳೆಗಳಿಂದ ಜೊಲ್ಲು, ಅದರಲ್ಲಿ ಹಳದಿ ಬೇಳೆ ಚೂರು. ಒಣ ಬೇಳೆ ಗಂಟಲಲ್ಲಿ ಊದಿ ಸಿಕ್ಕಿಕೊಂಡಿದೆ ಅಂತ ನನಗೆ ಗೊತ್ತಾಯಿತು. ಆದರೂ ಹೆಗಲ ಟವೆಲ್ಲಿನಿಂದ ಒರೆಸಿದೆ.

"ಏನ್ ಗುರು, ಕುದುರೆಗೆ ನೆಗಡೀನಾ?" ಅಂದ ಬ್ಯಾಂಡಿನವನು.

"ನಿನ್ನ ವಾಲಗ ಕೇಳಿ ಅಳ್ತಾ ಇದೆ" ಅಂದೆ. ಅವನು ನಕ್ಕ. ವರ ಹತ್ತಿ ಕೂತಿದ್ದ. ಛತ್ರದ ಬಾಗಿಲವರೆಗೂ ಹಾಗೆಯೇ ನಡೆಸಿದೆ.

ಆಮೇಲೆ ಕರೆಸಿದ ಡಾಕ್ಟರು ಮೂಗಿನಿಂದ ಕೊಳವೆ ಇಳಿಸಿ, ನೀರು ಬಿಟ್ಟು ಬಿಟ್ಟು ಗಂಟಲು ಬಿಡಿಸಿದರು. ಕುದುರೆ ಉಳಿಯಿತು. ಲಾಯಕ್ಕೆ ಬಂದವನೇ, ಯಾರೂ ನೋಡುವ ಮುಂಚೆ ಬಕೆಟ್ಟಿನ ಬೇಳೆಯನ್ನು ಮೋರಿಗೆ ಸುರಿದೆ.

ಮಾರನೆಯ ದಿನ ಯಜಮಾನರು ಕೇಳಿದರು, "ಬೇಳೆ ನೆನೆಸೋ ಕೆಲಸ ಯಾರದು?"

"ಭಾಯೀದು" ಅಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಷ್ಟೇ ಹೇಳಿ ಸುಮ್ಮನಾದೆ.

ನೆನೆಸಿದ್ದೆ ಅಂತ ಭಾಯಿ ಎಷ್ಟು ಹೇಳಿದರೂ ಯಜಮಾನರು ನಂಬಲಿಲ್ಲ. ನಾಳೆಯಿಂದ ಬರಬೇಡಿ ಅಂದರು. ಚಪ್ಪಲಿ ಹಾಕಿಕೊಳ್ಳುವಾಗ ಭಾಯಿ ಮೋರಿಯಲ್ಲಿ ಊದಿಕೊಂಡು ಬಿದ್ದಿದ್ದ ಬೇಳೆ ನೋಡಿದರು. ನನಗೆ ಮಾತ್ರ ಕೇಳಿಸುವಂತೆ ಅಂದರು: "ಮರೆತಿದ್ರೆ ಒಂದು ಫೋನ್ ಮಾಡ್ಬಾರ್ದಿತ್ತಾ? ಆಟೋದಲ್ಲಿ ತಂದುಕೊಡ್ತಿದ್ದೆನಲ್ಲ."

ಈಗಲೂ ಯಾವಾಗಲಾದರೂ ಆರ್.ಟಿ. ನಗರದ ಬಸ್ ಸ್ಟಾಪಿನಲ್ಲಿ ಸಿಗುತ್ತಾರೆ. ಕುದುರೆ ಹೇಗಿದೆ ಅಂತ ಅವರೇ ಕೇಳುತ್ತಾರೆ. ಚೆನ್ನಾಗಿದೆ ಅನ್ನುತ್ತೇನೆ, ಬಸ್ ಹತ್ತುತ್ತೇನೆ. ನಾನು ಇವತ್ತಿಗೂ ಕ್ಷಮೆ ಕೇಳದ ಮನುಷ್ಯ ಅವರು, ನನ್ನ ಭಾಯಿ.